ಲೊರೇನ್ ಸೀಮೆಯ ‘ಕೀಶ್’: ಕೆನೆಯಿಂದ ಕಟ್ಟಿದ ಒಂದು ತಿನಿಸು



ನಾವು ಸಂಘಕ್ಕೆ ಹಾಕುವ ಹಾಲಿಗೆ ಜಿಡ್ಡಿನಾಂಶ ಮತ್ತು ಜಿಡ್ಡೇತರ ಘನಾಂಶ ನೋಡಿ ದರ ಕಟ್ಟುತ್ತಾರೆ. ಜಿಡ್ಡಿಗೆ ಏಕೆ ಅಷ್ಟು ಬೆಲೆ ಎಂದು ಕೇಳಿದರೆ, ಅದರಿಂದ ಬೆಣ್ಣೆ ತುಪ್ಪ ಆಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ನಮ್ಮ ನಾಡಿನ ಮಟ್ಟಿಗೆ ಅದು ಸರಿಯಾದ ಉತ್ತರವೇ. ಕೆನೆಯನ್ನು ನಾವು ಕೆನೆಯಾಗಿ ಉಳಿಸುವುದಿಲ್ಲ. ಹೆಪ್ಪು ಹಾಕಿ ಕಡೆಯುತ್ತೇವೆ, ಬೆಣ್ಣೆ ತೆಗೆಯುತ್ತೇವೆ, ಕಾಯಿಸಿ ತುಪ್ಪ ಮಾಡಿ ಡಬ್ಬಿಗೆ ತುಂಬುತ್ತೇವೆ. ಬಿಸಿಲು ನಾಡಿನಲ್ಲಿ ಜಿಡ್ಡನ್ನು ಕೆಡದಂತೆ ಇಡಲು ಇದೇ ದಾರಿ.

ಚಳಿ ನಾಡಿನ ರೈತರ ದಾರಿ ಬೇರೆ. ಅಲ್ಲಿ ಕೆನೆ ಕೆಲವು ದಿನ ಹಾಗೆಯೇ ನಿಲ್ಲುತ್ತದೆ. ಆದ್ದರಿಂದ ಅದನ್ನು ಉಪ್ಪು, ಮೆಣಸು ಹಾಕಿ ಊಟದ ಪದಾರ್ಥ ಮಾಡಿಕೊಳ್ಳುವ ರೂಢಿ ಬೆಳೆಯಿತು. ಅಂಥ ತಿನಿಸುಗಳಲ್ಲಿ ಲೋಕದಲ್ಲೆಲ್ಲ ಹೆಸರಾದದ್ದು ಫ್ರಾನ್ಸ್ ದೇಶದ ‘ಕೀಶ್ ಲೊರೇನ್’. ಹಿಟ್ಟಿನ ತಟ್ಟೆಯೊಳಗೆ ಕೆನೆ ಮತ್ತು ಮೊಟ್ಟೆ ಸುರಿದು ಭಟ್ಟಿಯಲ್ಲಿ ಬೇಯಿಸಿದ ಖಾರದ ತಿನಿಸು ಇದು. ಇದರಲ್ಲಿ ಮೊಟ್ಟೆಯೂ ಇದೆ, ಹಂದಿಮಾಂಸವೂ ಇದೆ. ತಿನ್ನುವವರು ತಿನ್ನಲಿ, ತಿನ್ನದವರು ಓದಿ ತಿಳಿಯಲಿ. ಹಾಲಿನ ಬಗ್ಗೆ ಇದು ಕಲಿಸುವ ವಿಷಯಗಳು ಇಬ್ಬರಿಗೂ ಒಂದೇ.

ಊರು ಯಾವುದು, ಹೆಸರು ಎಲ್ಲಿಯದು

ಲೊರೇನ್ ಎಂಬುದು ಫ್ರಾನ್ಸಿನ ಈಶಾನ್ಯ ಮೂಲೆಯ ಸೀಮೆ. ಜರ್ಮನಿ, ಲಕ್ಸೆಂಬರ್ಗ್, ಬೆಲ್ಜಿಯಂ ದೇಶಗಳ ಗಡಿ ಅದಕ್ಕೆ ತಾಗಿದೆ. ನಾನ್ಸಿ ಮತ್ತು ಮೆಸ್ ಅಲ್ಲಿಯ ದೊಡ್ಡ ಪಟ್ಟಣಗಳು. ಮೊಸೆಲ್ ಮತ್ತು ಮರ್ತ್ ನದಿಗಳು ಹರಿಯುತ್ತವೆ, ಪೂರ್ವಕ್ಕೆ ವೋಜ್ ಬೆಟ್ಟಸಾಲು ಇದೆ. ಬಹುಕಾಲ ಇದು ಸ್ವಂತ ಡ್ಯೂಕ್‌ಗಳ ಆಳ್ವಿಕೆಯ ಪ್ರತ್ಯೇಕ ಸಂಸ್ಥಾನವಾಗಿತ್ತು. ಪೋಲೆಂಡಿನ ಸಿಂಹಾಸನ ಕಳೆದುಕೊಂಡ ಸ್ಟಾನಿಸ್ಲಾಸ್ ದೊರೆ ಇದರ ಕೊನೆಯ ಡ್ಯೂಕ್. 1766ರಲ್ಲಿ ಆತ ತೀರಿಕೊಂಡ ಮೇಲೆ ಲೊರೇನ್ ಫ್ರಾನ್ಸಿಗೆ ಸೇರಿತು. 2016ರಿಂದ ಆಡಳಿತದ ಲೆಕ್ಕದಲ್ಲಿ ಅದು ‘ಗ್ರಾಂಡ್ ಎಸ್ಟ್’ ಎಂಬ ದೊಡ್ಡ ಪ್ರಾಂತದ ಭಾಗವಾಗಿದೆ.

ಗಡಿಸೀಮೆಯ ಜನರ ಮಾತು ಹೇಗಿರುತ್ತದೆ ಎಂದು ನಮಗೆ ಗೊತ್ತು. ಬೆಳಗಾವಿ, ಬೀದರ್, ಕೋಲಾರದ ಕಡೆಯವರು ಎರಡು ಮೂರು ಭಾಷೆಯ ಪದಗಳನ್ನು ಒಂದೇ ಮಾತಿನಲ್ಲಿ ಆಡುತ್ತಾರೆ. ಲೊರೇನಿನ ಒಂದು ಭಾಗದಲ್ಲಿಯೂ ಜರ್ಮನ್ ಬಗೆಯ ಆಡುಮಾತು ಇತ್ತು. ಜರ್ಮನ್ ಭಾಷೆಯಲ್ಲಿ ‘ಕೂಖೆನ್’ ಎಂದರೆ ಭಟ್ಟಿಯಲ್ಲಿ ಬೇಯಿಸಿದ ಕೇಕು, ರೊಟ್ಟಿಯಂಥ ತಿನಿಸು. ಆ ಪದವೇ ಜನರ ಬಾಯಲ್ಲಿ ಸವೆದು ‘ಕೀಶ್’ ಆಯಿತು. ಹೆಸರು ಜರ್ಮನ್ ಬೇರಿನದು, ಕೀರ್ತಿ ಫ್ರಾನ್ಸಿನದು.

ಹಾಗೆಂದು ಮೊಟ್ಟೆ ಮತ್ತು ಕೆನೆಯನ್ನು ಹಿಟ್ಟಿನೊಳಗೆ ಬೇಯಿಸುವ ಉಪಾಯವನ್ನು ಲೊರೇನಿನವರೇ ಮೊದಲು ಕಂಡುಹಿಡಿದರು ಎಂದು ಹೇಳಲಾಗದು. ಇಂಗ್ಲೆಂಡಿನ ರಾಜನ ಅಡುಗೆಯವರು 14ನೇ ಶತಮಾನದ ಕೊನೆಯಲ್ಲಿ ಬರೆಸಿದ ಪಾಕಪುಸ್ತಕದಲ್ಲಿಯೇ ಇಂಥ ತಿನಿಸುಗಳಿವೆ. ಆಗ ಅವಕ್ಕೆ ‘ಕ್ರಸ್ಟಾರ್ಡ್’ ಎಂದು ಹೆಸರು. ‘ಕ್ರಸ್ಟ್’ ಎಂದರೆ ಹಿಟ್ಟಿನ ಹೊರಪದರ. ನಾವು ಹಣ್ಣಿನ ಜೊತೆ ತಿನ್ನುವ ‘ಕಸ್ಟರ್ಡ್’ ಎಂಬ ಪದ ಅದರಿಂದಲೇ ಬಂದದ್ದು. ತಮಾಷೆಯೆಂದರೆ, ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಕಸ್ಟರ್ಡ್ ಪುಡಿಯಲ್ಲಿ ಹೊರಪದರವೂ ಇಲ್ಲ, ಮೊಟ್ಟೆಯೂ ಇಲ್ಲ, ಇರುವುದು ಮೆಕ್ಕೆಜೋಳದ ಪಿಷ್ಟ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬಾತ ತನ್ನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲವೆಂದು ಈ ಪುಡಿಯನ್ನು ತಯಾರಿಸಿದ. ಹೆಸರು ಒಂದಾಗಿ ಉಳಿದು ಒಳಗಿನ ಸರಕು ಬದಲಾಗುವುದು ಹೀಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ರೊಟ್ಟಿಯ ಹಿಟ್ಟು

ಇಂದು ಕೀಶ್‌ಗೆ ಮೈದಾಹಿಟ್ಟಿಗೆ ಬೆಣ್ಣೆ ಸೇರಿಸಿ ಕಲಸಿದ ಗರಿಗರಿ ಕಣಕ ಬಳಸುತ್ತಾರೆ. ಮೊದಲು ಹಾಗಿರಲಿಲ್ಲ. ಹಳ್ಳಿಯ ಮನೆಗಳಲ್ಲಿ ಹುದುಗು ಬರಿಸಿದ ಬ್ರೆಡ್ಡಿನ ಹಿಟ್ಟೇ ಇದರ ತಳ. ಅಲ್ಲಿ ದಿನವೂ ಒಲೆಯ ಮೇಲೆ ರೊಟ್ಟಿ ಸುಡುವುದಿಲ್ಲ. ಕಟ್ಟಿಗೆ ಉರಿಸಿ ದೊಡ್ಡ ಭಟ್ಟಿ ಕಾಯಿಸಿ, ಹಲವು ದಿನಕ್ಕಾಗುವಷ್ಟು ಬ್ರೆಡ್ಡನ್ನು ಒಮ್ಮೆಗೇ ಬೇಯಿಸಿ ಇಟ್ಟುಕೊಳ್ಳುವ ಪದ್ಧತಿ. ಭಟ್ಟಿ ಕಾದ ದಿನ ಉಳಿದ ಹಿಟ್ಟನ್ನು ತೆಳ್ಳಗೆ ತಟ್ಟಿ, ಮೇಲೆ ಮನೆಯಲ್ಲಿ ಇದ್ದದ್ದನ್ನು ಹರಡಿ ಒಳಗೆ ತಳ್ಳಿದರೆ ಅಂದಿನ ಊಟ ಆಯಿತು. ನೆರೆಯ ಅಲ್ಸಾಸ್ ಸೀಮೆಯಲ್ಲಿ ಇದೇ ರೀತಿ ಕೆನೆ, ಈರುಳ್ಳಿ ಹರಡಿದ ತೆಳು ರೊಟ್ಟಿಯನ್ನು ಭಟ್ಟಿಯ ಕಾವು ನೋಡಲು ಮೊದಲು ಹಾಕುತ್ತಿದ್ದರು. ಅದು ಸೀದರೆ ಕಾವು ಹೆಚ್ಚು, ಬ್ರೆಡ್ ಹಾಕಲು ಇನ್ನೂ ಕಾಯಬೇಕು. ನಮ್ಮಲ್ಲಿ ದೋಸೆಕಾವಲಿಗೆ ನೀರು ಚಿಮುಕಿಸಿ ನೋಡುವಂತೆ.

ಅಂದರೆ ಇದು ಅರಮನೆಯ ತಿನಿಸಾಗಿ ಹುಟ್ಟಿದ್ದಲ್ಲ, ಕೊಟ್ಟಿಗೆ ಇದ್ದ ಮನೆಯ ತಿನಿಸು. ಹಸು ಕೆನೆ ಕೊಟ್ಟಿತು, ಕೋಳಿ ಮೊಟ್ಟೆ ಕೊಟ್ಟಿತು, ಹೊಲ ಗೋಧಿ ಕೊಟ್ಟಿತು. ಹಂದಿ ಎಲ್ಲಿಂದ ಬಂತು ಎಂಬುದು ನಮ್ಮಂಥ ಹಾಲಿನವರು ಗಮನಿಸಬೇಕಾದ ಸಂಗತಿ. ಕೆನೆ ತೆಗೆದ ಮೇಲೆ ಬಕೆಟ್ಟುಗಟ್ಟಲೆ ತೆಳುಹಾಲು ಉಳಿಯುತ್ತದೆ. ಬೆಣ್ಣೆ ಕಡೆದರೆ ಮಜ್ಜಿಗೆ ಉಳಿಯುತ್ತದೆ, ಚೀಸ್ ಮಾಡಿದರೆ ತಿಳಿನೀರು ಉಳಿಯುತ್ತದೆ. ನಮ್ಮಲ್ಲಾದರೆ ಮಜ್ಜಿಗೆಯನ್ನು ಮನೆಮಂದಿಯೆಲ್ಲ ಕುಡಿದು, ನೆರೆಮನೆಗೂ ಕೊಡುತ್ತೇವೆ. ಯುರೋಪಿನ ಹೈನು ಮನೆಗಳಲ್ಲಿ ಈ ಉಳಿಕೆಯ ಬಹುಪಾಲು ಹಂದಿಯ ತೊಟ್ಟಿಗೆ ಹೋಗುತ್ತಿತ್ತು. ಹಂದಿ ಅದನ್ನು ತಿಂದು ಕೊಬ್ಬುತ್ತಿತ್ತು. ಚಳಿಗಾಲಕ್ಕೆ ಮುಂಚೆ ಅದನ್ನು ಕಡಿದು, ಹೊಟ್ಟೆಭಾಗದ ಮಾಂಸಕ್ಕೆ ಉಪ್ಪು ಹಚ್ಚಿ, ಹೊಗೆಯಲ್ಲಿ ತೂಗುಹಾಕಿ ಒಣಗಿಸುತ್ತಿದ್ದರು. ಆ ಹೊಗೆಮಾಂಸದ ಸಣ್ಣ ತುಂಡುಗಳೇ ಕೀಶ್‌ಗೆ ಬೀಳುವುದು. ಹಾಲಿನ ಜಿಡ್ಡು ಕೆನೆಯಾಗಿ, ಹಾಲಿನ ಜಿಡ್ಡೇತರ ಘನಾಂಶ ಹಂದಿಯ ಮೂಲಕ ಮಾಂಸವಾಗಿ, ಎರಡೂ ಒಂದೇ ತಟ್ಟೆಯಲ್ಲಿ ಮತ್ತೆ ಸೇರುತ್ತಿದ್ದವು. ಹಾಲಿನ ಒಂದಂಶವೂ ವ್ಯರ್ಥವಾಗದ ಲೆಕ್ಕ ಇದು. ನಾವು ಇಂದು ತೆಳುಹಾಲನ್ನು ಪುಡಿ ಮಾಡುತ್ತೇವೆ, ಅವರು ಅಂದು ಹಂದಿ ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಆ ಸೀಮೆಯ ಬೆಟ್ಟದ ಹಸು ‘ವೋಜಿಯನ್’ ತಳಿ. ಕಪ್ಪು ಪಕ್ಕೆ, ಬೆನ್ನ ಮೇಲೆ ಉದ್ದಕ್ಕೂ ಬಿಳಿಯ ಪಟ್ಟೆ. ಚಳಿ ತಡೆಯುತ್ತದೆ, ಬೆಟ್ಟ ಹತ್ತುತ್ತದೆ. ಆ ಬೆಟ್ಟಗಳ ‘ಮುನ್‌ಸ್ಟೇರ್’ ಚೀಸ್ ಹಿಂದಿನಿಂದ ಇದರ ಹಾಲಿನದು. ಎರಡು ಮಹಾಯುದ್ಧಗಳು ಈ ಗಡಿಸೀಮೆಯಲ್ಲೇ ನಡೆದುದರಿಂದ ತಳಿ ಬಹಳ ಕ್ಷೀಣಿಸಿತು. ಆಮೇಲೆ ಅಭಿಮಾನವಿಟ್ಟು ಉಳಿಸಿಕೊಂಡರು. ಬಯಲಿನಲ್ಲಿ ಈಗ ಫ್ರಾನ್ಸಿನಲ್ಲಿಯೂ ಹೋಲ್‌ಸ್ಟೀನ್ ಹಸುವಿನದೇ ಮೇಲುಗೈ. ನಮ್ಮ ಕೊಟ್ಟಿಗೆಗಳ ಎಚ್.ಎಫ್. ಮಿಶ್ರತಳಿಗೆ ಅದು ನೆಂಟನೇ.

ಸಾಂಪ್ರದಾಯಿಕ ಪದಾರ್ಥಗಳು

ಮೊಟ್ಟೆ, ಕೆನೆ, ಹೊಗೆಯಾಡಿಸಿದ ಹಂದಿಮಾಂಸ, ಕಣಕಕ್ಕೆ ಮೈದಾ ಮತ್ತು ಬೆಣ್ಣೆ, ಉಪ್ಪು, ಕಾಳುಮೆಣಸು, ಸ್ವಲ್ಪ ತುರಿದ ಜಾಯಿಕಾಯಿ. ಇಷ್ಟೇ. ಮೊಟ್ಟೆ ಮತ್ತು ಕೆನೆ ಸೇರಿಸಿ ಕಲಕಿದ ಮಿಶ್ರಣಕ್ಕೆ ಲೊರೇನಿನವರು ‘ಮಿಗೇನ್’ ಎಂಬ ತಮ್ಮದೇ ಪದ ಇಟ್ಟುಕೊಂಡಿದ್ದಾರೆ. ನಮ್ಮ ಹೋಳಿಗೆಯ ಭಾಷೆಯಲ್ಲಿ ಹೇಳುವುದಾದರೆ ಹೊರಗಿನದು ಕಣಕ, ಮಿಗೇನ್ ಹೂರಣ.

ಮೆಣಸಿನ ವಿಷಯದಲ್ಲಿ ಒಂದು ಮಾತು. ಯುರೋಪಿನಲ್ಲಿ ಮೆಣಸು ಬೆಳೆಯುವುದಿಲ್ಲ. ಅದು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗಿನಲ್ಲಿ ಹೋಗುತ್ತಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಜಾಯಿಕಾಯಿ ಇನ್ನೂ ದೂರದ್ದು, ಇಂಡೋನೇಷ್ಯದ ಬಾಂದಾ ದ್ವೀಪಗಳದು. ರೈತನ ಮನೆಯ ತಿನಿಸಿನಲ್ಲಿ ಊರಿನಾಚೆಯಿಂದ ದುಡ್ಡು ಕೊಟ್ಟು ತರಬೇಕಾದದ್ದು ಈ ಚಿಟಿಕೆ ಮಸಾಲೆ ಮತ್ತು ಉಪ್ಪು ಮಾತ್ರ. ಉಪ್ಪಿಗೂ ಲೊರೇನಿನಲ್ಲಿ ಹಳೆಯ ಉಪ್ಪುಬುಗ್ಗೆಗಳು, ಗಣಿಗಳು ಇವೆ.

ಪಟ್ಟಿಯಲ್ಲಿ ಚೀಸ್ ಇಲ್ಲವೆಂಬುದನ್ನು ಗಮನಿಸಿರಬಹುದು. ಮೂಲದ ಕೀಶ್ ಲೊರೇನ್‌ನಲ್ಲಿ ಚೀಸ್ ಇರುವುದಿಲ್ಲ. ಇಂದು ಪ್ಯಾರಿಸಿನ ಹೋಟೆಲಿನಿಂದ ಬೆಂಗಳೂರಿನ ಬೇಕರಿಯವರೆಗೆ ಬಹುತೇಕ ಎಲ್ಲ ಕಡೆ ಚೀಸ್ ಹಾಕುತ್ತಾರೆ. ಲೊರೇನಿನವರು ಇದನ್ನು ಒಪ್ಪುವುದಿಲ್ಲ. ಗ್ರೂಯೇರ್ ಚೀಸ್ ಹಾಕಿದರೆ ಅದು ‘ವೋಜ್ ಕೀಶ್’, ಈರುಳ್ಳಿ ಹಾಕಿದರೆ ‘ಅಲ್ಸಾಸ್ ಕೀಶ್’, ನಮ್ಮ ಊರಿನ ಹೆಸರು ಹಚ್ಚಬೇಡಿ ಎನ್ನುತ್ತಾರೆ. ಇದಕ್ಕಾಗಿ ಅಲ್ಲಿಯ ಕೆಲವರು ಒಂದು ಸಂಘವನ್ನೇ ಕಟ್ಟಿಕೊಂಡಿದ್ದಾರೆ.

ಈ ಹಟ ಅತಿಯಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಏಕೆಂದರೆ ಚೀಸ್ ಬಂದಲ್ಲಿ ಕೆನೆ ಕಡಿಮೆಯಾಗುತ್ತದೆ. ಒಳ್ಳೆಯ ಕೆನೆ ಇದ್ದರೆ ಬೇರೆ ರುಚಿ ಬೇಕಾಗುವುದಿಲ್ಲ. ಕೆನೆಗೆ ಬದಲು ತೆಳುಹಾಲು ಸುರಿದಾಗ ಹೂರಣ ಸಪ್ಪೆಯಾಗುತ್ತದೆ, ಆ ಸಪ್ಪೆಯನ್ನು ಮುಚ್ಚಲು ಚೀಸ್ ಬೇಕಾಗುತ್ತದೆ. ಕಾರ್ಖಾನೆಯ ಕೀಶ್‌ನಲ್ಲಿ ಇನ್ನೂ ಮುಂದೆ ಹೋಗಿ ಹಾಲಿನ ಪುಡಿ, ಪಿಷ್ಟ, ಎಣ್ಣೆಯ ಜಿಡ್ಡು ಬಂದು ಕೂರುತ್ತವೆ. ಹೆಸರಿನ ಜಗಳವೆಂದು ಕಾಣುವುದು ಕೊನೆಗೆ ಕೆನೆ ಕೊಡುವ ರೈತನ ಜೇಬಿನ ಜಗಳವೇ.

ಕೆನೆಯ ವಿಚಾರ

ಸೆಪರೇಟರ್ ಯಂತ್ರ ಬರುವ ಮುಂಚೆ ಹಾಲನ್ನು ಅಗಲ ಬಾಯಿಯ ಪಾತ್ರೆಗಳಲ್ಲಿ ಹಾಕಿ ತಂಪು ಕೋಣೆಯಲ್ಲಿ ಒಂದು ದಿನದಷ್ಟು ಬಿಡುತ್ತಿದ್ದರು. ಜಿಡ್ಡಿನ ಕಣಗಳು ನೀರಿಗಿಂತ ಹಗುರ, ತಾವಾಗಿ ಮೇಲೇರಿ ಪದರಗಟ್ಟುತ್ತವೆ. ಮೇಲಿನ ಪದರವನ್ನು ಚಪ್ಪಟೆ ಸೌಟಿನಿಂದ ತೆಗೆದರೆ ಕೆನೆ. ಅಷ್ಟು ಹೊತ್ತಿನಲ್ಲಿ ಗಾಳಿಯಿಂದ, ಪಾತ್ರೆಯಿಂದ ಸೇರಿದ ಹುಳಿ ಬ್ಯಾಕ್ಟೀರಿಯಗಳು ಕೆಲಸ ಮಾಡಿ ಕೆನೆ ತುಸು ಹುಳಿಯಾಗಿ, ದಪ್ಪಗಾಗುತ್ತಿತ್ತು. ಫ್ರೆಂಚರ ‘ಕ್ರೆಮ್ ಫ್ರೆಶ್’ ಎಂಬ ದಪ್ಪ ಕೆನೆಯ ಮೂಲ ಇದೇ. ಈಗ ಅದನ್ನು ಪಾಶ್ಚರೀಕರಿಸಿ, ಆಯ್ದ ಹೆಪ್ಪು ಹಾಕಿ ಡೇರಿಯಲ್ಲಿ ತಯಾರಿಸುತ್ತಾರೆ. ಹುಳಿ ಮೊಸರಿನಷ್ಟಿಲ್ಲ, ಬಹಳ ಮೆದು.

1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ದ ಲಾವಾಲ್ ಎಂಬ ಎಂಜಿನಿಯರ್ ಹಾಲನ್ನು ವೇಗವಾಗಿ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರ ತಂದ. ಒಂದು ದಿನದ ಕೆಲಸ ಕೆಲವೇ ನಿಮಿಷಕ್ಕೆ ಬಂತು. ಅದಕ್ಕಿಂತ ಮುಖ್ಯವಾಗಿ, ತೆಳುಹಾಲಿನಲ್ಲಿ ಉಳಿದು ಹೋಗುತ್ತಿದ್ದ ಜಿಡ್ಡು ಬಹಳ ಕಡಿಮೆಯಾಯಿತು. ಇಂದಿನ ಒಳ್ಳೆಯ ಯಂತ್ರದಲ್ಲಿ ತೆಳುಹಾಲಿಗೆ ಹೋಗುವ ಜಿಡ್ಡು ಶೇ. 0.1ಕ್ಕಿಂತ ಕಡಿಮೆ.

ಫ್ರಾನ್ಸಿನ ಕಾನೂನಿನಲ್ಲಿ ಬರಿಯ ‘ಕೆನೆ’ ಎಂದು ಮಾರಬೇಕಾದರೆ ಕನಿಷ್ಠ ಶೇ. 30 ಜಿಡ್ಡು ಇರಬೇಕು. ಶೇ. 12ರಿಂದ 30ರ ನಡುವಿನದಕ್ಕೆ ‘ಹಗುರ ಕೆನೆ’ ಎಂದು ಬರೆಯಬೇಕು. ನಾರ್ಮಂಡಿ ಸೀಮೆಯ ಇಸಿನ್ಯಿ ಎಂಬ ಊರಿನ ಕೆನೆಗೆ 1986ರಲ್ಲಿ ಮೂಲಸ್ಥಾನದ ರಕ್ಷಣೆ ಸಿಕ್ಕಿತು. ಅದರಲ್ಲಿ ಶೇ. 35 ಜಿಡ್ಡು ಇರಬೇಕು, ಹಾಲು ಅದೇ ಪ್ರದೇಶದ್ದೇ ಆಗಿರಬೇಕು. ನಮ್ಮ ದೇಶದ ನಿಯಮದಲ್ಲಿ ಕೆನೆಗೆ ಮೂರು ದರ್ಜೆಗಳಿವೆ: ಶೇ. 25, ಶೇ. 40, ಶೇ. 60. ನಮ್ಮ ಅಂಗಡಿಯಲ್ಲಿ ಸಣ್ಣ ಪೆಟ್ಟಿಗೆಯಲ್ಲಿ ಬರುವ ಕೆನೆ ಸಾಮಾನ್ಯವಾಗಿ ಮೊದಲ ದರ್ಜೆಯದು. ಮನೆಯಲ್ಲಿ ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆಪದರ ಇದಕ್ಕೆ ಬರುವುದಿಲ್ಲ. ಅದರಲ್ಲಿ ಜಿಡ್ಡಿನ ಜೊತೆ ಬೆಂದ ಪ್ರೋಟೀನಿನ ಚರ್ಮವೂ ಇರುವುದರಿಂದ ಹೂರಣ ನುಣುಪಾಗದು.

ಹೂರಣ ಗಟ್ಟಿಯಾಗುವುದು ಹೇಗೆ: ಗಿಣ್ಣಿನ ಪಾಠ

ನೀರಾಗಿ ಸುರಿದ ಕೆನೆ ಮತ್ತು ಮೊಟ್ಟೆ ಭಟ್ಟಿಯಲ್ಲಿ ಮೃದುವಾಗಿ ಗಟ್ಟಿಯಾಗುವುದು ಹೇಗೆ? ಹಾಲಿನ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಮಗೆ ಗಿಣ್ಣು ಗೊತ್ತು. ಸಾಮಾನ್ಯ ಹಾಲನ್ನು ಎಷ್ಟು ಕಾಯಿಸಿದರೂ ಅದು ಹೆಪ್ಪುಗಟ್ಟುವುದಿಲ್ಲ, ಏಕೆಂದರೆ ಅದರ ಮುಖ್ಯ ಪ್ರೋಟೀನಾದ ಕೇಸಿನ್ ಬಿಸಿಯನ್ನು ತಡೆಯುತ್ತದೆ. ಕರು ಹಾಕಿದ ಮೇಲಿನ ಮೊದಲ ಕರಾವಿನಲ್ಲಿ ಪ್ರೋಟೀನು ಶೇ. 14ರಷ್ಟಿರಬಹುದು, ಸಾಮಾನ್ಯ ಹಾಲಿನಲ್ಲಿ ಅದು ಶೇ. 3ರ ಆಸುಪಾಸು. ಹೆಚ್ಚಾಗಿರುವ ಭಾಗದಲ್ಲಿ ಬಹುಪಾಲು ಕರುವಿಗೆ ರೋಗನಿರೋಧ ಕೊಡುವ ಪ್ರೋಟೀನು. ಇವು ಬಿಸಿಗೆ ಮಡಿಕೆ ಬಿಚ್ಚಿ, ಒಂದನ್ನೊಂದು ಹಿಡಿದು ಬಲೆಯಾಗುತ್ತವೆ. ನೀರು ಆ ಬಲೆಯಲ್ಲಿ ಸಿಕ್ಕಿ ನಿಲ್ಲುತ್ತದೆ. ಗಿಣ್ಣು ಆದದ್ದು ಹಾಗೆ.

ಕೀಶ್‌ನಲ್ಲಿ ಇದೇ ಕೆಲಸವನ್ನು ಮೊಟ್ಟೆಯ ಪ್ರೋಟೀನು ಮಾಡುತ್ತದೆ. ಬರಿಯ ಮೊಟ್ಟೆ 60ರಿಂದ 70 ಡಿಗ್ರಿ ಸೆಲ್ಸಿಯಸ್ ನಡುವೆ ಗಟ್ಟಿಯಾಗಲು ತೊಡಗುತ್ತದೆ. ಕೆನೆ ಸೇರಿಸಿದಾಗ ಪ್ರೋಟೀನುಗಳು ದೂರ ದೂರವಾಗುವುದರಿಂದ 80 ಡಿಗ್ರಿಯ ಹತ್ತಿರ ಬೇಕಾಗುತ್ತದೆ. ಅದನ್ನು ಮೀರಿ ಕಾವು ಏರಿದರೆ ಬಲೆ ಬಿಗಿದುಕೊಂಡು ನೀರನ್ನು ಹಿಂಡಿ ಹೊರಹಾಕುತ್ತದೆ, ಹೂರಣ ಒಡೆದು ಸಣ್ಣ ಗಂಟುಗಳಾಗುತ್ತದೆ. ಕೆನೆಯ ಜಿಡ್ಡಿನ ಕಣಗಳು ಪ್ರೋಟೀನುಗಳ ನಡುವೆ ಸೇರಿಕೊಂಡು ಈ ಬಿಗಿತವನ್ನು ತಡೆಯುತ್ತವೆ. ಶೇ. 30ರ ಕೆನೆ ಹಾಕಿದ ಕೀಶ್ ಮೆತ್ತಗೆ ನಡುಗುವುದೂ, ತೆಳುಹಾಲು ಹಾಕಿದ್ದು ನೀರು ಬಿಡುವುದೂ ಇದೇ ಕಾರಣಕ್ಕೆ. ಕಾರ್ಖಾನೆಯವರು ಪಿಷ್ಟ ಹಾಕುವುದು ಜಿಡ್ಡು ಮಾಡಬೇಕಾದ ಈ ಕೆಲಸವನ್ನು ಅಗ್ಗದಲ್ಲಿ ಮಾಡಿಸಲು.

ಗಿಣ್ಣಿನ ಮಾತು ಬಂದುದರಿಂದ ನೆನಪಿಸುವುದೇನೆಂದರೆ, ಕರು ಹಾಕಿದ ಮೊದಲ ನಾಲ್ಕೈದು ದಿನದ ಹಾಲನ್ನು ಸಂಘದ ಹಾಲಿಗೆ ಸೇರಿಸಬಾರದು. ಡೇರಿಯಲ್ಲಿ ಕಾಯಿಸಿದಾಗ ಅದು ಹೀಗೆಯೇ ಹೆಪ್ಪುಗಟ್ಟಿ, ಒಬ್ಬರ ಒಂದು ಲೀಟರಿನಿಂದ ಇಡೀ ಕ್ಯಾನು ತಿರಸ್ಕೃತವಾಗುತ್ತದೆ. ಗಿಣ್ಣು ಮಾಡುವ ಮುಂಚೆ ಕರುವಿಗೆ ಕೊಡಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಲೇಬೇಕು, ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು. ಹೊತ್ತು ಕಳೆದಂತೆ ಕರುವಿನ ಕರುಳು ಆ ರಕ್ಷಣೆಯ ಪ್ರೋಟೀನನ್ನು ಹೀರಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ.

ಮಾಡುವ ಕ್ರಮ

24 ಸೆಂಟಿಮೀಟರ್ ಅಗಲದ ತಟ್ಟೆಗೆ, ಆರು ಜನರಿಗೆ: 200 ಗ್ರಾಂ ಮೈದಾಕ್ಕೆ 100 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಿಂದ ಉಜ್ಜಿ ರವೆಯಂತೆ ಮಾಡಿ, ಚಿಟಿಕೆ ಉಪ್ಪು, ಕೆಲವು ಚಮಚ ತಣ್ಣೀರು ಹಾಕಿ ಉಂಡೆ ಕಟ್ಟಬೇಕು. ಚಪಾತಿ ಹಿಟ್ಟಿನಂತೆ ನಾದಬಾರದು, ನಾದಿದರೆ ಜಗ್ಗುತ್ತದೆ. ಅರ್ಧ ಗಂಟೆ ತಂಪಿನಲ್ಲಿಟ್ಟು, ಲಟ್ಟಿಸಿ, ಅಂಚು ಎತ್ತರವಿರುವ ತಟ್ಟೆಗೆ ಹಾಸಿ, ಬರಿದಾಗಿಯೇ ಸ್ವಲ್ಪ ಬೇಯಿಸಿಕೊಂಡರೆ ತಳ ಹಸಿಯಾಗುವುದಿಲ್ಲ. 150 ಗ್ರಾಂ ಹೊಗೆಮಾಂಸದ ತುಂಡುಗಳನ್ನು ಬಾಣಲೆಯಲ್ಲಿ ಬಾಡಿಸಿ ಹರಡಬೇಕು. 3 ಮೊಟ್ಟೆ, 250 ಗ್ರಾಂ ದಪ್ಪ ಕೆನೆ, ಮೆಣಸಿನ ಪುಡಿ, ಜಾಯಿಕಾಯಿ ಸೇರಿಸಿ ನೊರೆ ಬರದಂತೆ ಕಲಕಿ ಮೇಲೆ ಸುರಿದು, 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಬೇಕು. ಉಪ್ಪು ನೋಡಿ ಹಾಕಿ, ಮಾಂಸದಲ್ಲಿಯೇ ಉಪ್ಪಿದೆ. ನಡುಭಾಗ ಇನ್ನೂ ತುಸು ಅಲುಗುವಾಗಲೇ ಹೊರತೆಗೆಯಬೇಕು, ಒಳಗಿನ ಕಾವಿಗೆ ಉಳಿದದ್ದು ಗಟ್ಟಿಯಾಗುತ್ತದೆ. ಬಿಸಿಯಾಗಿಯೂ ತಿನ್ನಬಹುದು, ಆರಿದ ಮೇಲೂ ತಿನ್ನಬಹುದು.

ಲೋಕಸಂಚಾರ

1871ರಲ್ಲಿ ಯುದ್ಧ ಸೋತ ಫ್ರಾನ್ಸ್, ಅಲ್ಸಾಸನ್ನೂ ಲೊರೇನಿನ ಒಂದು ಭಾಗವನ್ನೂ ಜರ್ಮನಿಗೆ ಬಿಟ್ಟುಕೊಟ್ಟಿತು. ಜರ್ಮನ್ ಆಳ್ವಿಕೆ ಬೇಡವೆಂದ ಅನೇಕರು ಪ್ಯಾರಿಸ್ ಮುಂತಾದ ಕಡೆ ವಲಸೆ ಹೋದರು, ಅವರ ಅಡುಗೆಯೂ ಜೊತೆಗೆ ಹೋಯಿತು. ಆ ಭಾಗ ಮತ್ತೆ ಫ್ರಾನ್ಸಿಗೆ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಇಂಗ್ಲಿಷ್ ಓದುಗರಿಗೆ ಇದನ್ನು ತಲುಪಿಸಿದವರಲ್ಲಿ ಇಬ್ಬರು ಮಹಿಳೆಯರು ಮುಖ್ಯ: 1960ರಲ್ಲಿ ಫ್ರೆಂಚ್ ಹಳ್ಳಿಗಾಡಿನ ಅಡುಗೆಯ ಮೇಲೆ ದೊಡ್ಡ ಪುಸ್ತಕ ತಂದ ಬ್ರಿಟನ್ನಿನ ಎಲಿಜಬೆತ್ ಡೇವಿಡ್, 1961ರಲ್ಲಿ ಇನ್ನಿಬ್ಬರೊಂದಿಗೆ ಪುಸ್ತಕ ಬರೆದ ಅಮೆರಿಕದ ಜೂಲಿಯಾ ಚೈಲ್ಡ್. ಶಾಸ್ತ್ರೋಕ್ತ ಕೀಶ್ ಲೊರೇನ್‌ಗೆ ಚೀಸ್ ಇಲ್ಲವೆಂದು ಜೂಲಿಯಾ ಚೈಲ್ಡ್ ಸ್ಪಷ್ಟವಾಗಿ ತಿಳಿಸಿದ್ದರು. ಜನ ಕೇಳಲಿಲ್ಲ, ಹಾಕಿದರು. ಅಮೆರಿಕದಲ್ಲಿ ಇದು ಎಷ್ಟು ಫ್ಯಾಷನ್ ಆಯಿತೆಂದರೆ 1982ರಲ್ಲಿ ‘ನಿಜವಾದ ಗಂಡಸರು ಕೀಶ್ ತಿನ್ನುವುದಿಲ್ಲ’ ಎಂಬ ಅರ್ಥದ ಹೆಸರಿಟ್ಟು ಒಂದು ಹಾಸ್ಯ ಪುಸ್ತಕವೇ ಬಂತು. ಹೊಲದ ಕೆಲಸ ಮಾಡಿದ ಲೊರೇನಿನ ಗಂಡಸರು ಇದನ್ನು ಕೇಳಿ ನಕ್ಕಿರಬೇಕು. 2023ರ ಮೇ ತಿಂಗಳಲ್ಲಿ ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸ್‌ರ ಪಟ್ಟಾಭಿಷೇಕಕ್ಕೆ ಆರಿಸಿದ ತಿನಿಸೂ ಕೀಶೇ. ಅದರಲ್ಲಿ ಪಾಲಕ್, ಬ್ರಾಡ್ ಬೀನ್ಸ್, ಚೆಡ್ಡರ್ ಚೀಸ್ ಇದ್ದವು, ಮಾಂಸ ಇರಲಿಲ್ಲ. ಅದಕ್ಕೆ ಲೊರೇನ್ ಎಂಬ ಹೆಸರನ್ನು ಅವರು ಹಚ್ಚಲಿಲ್ಲ ಎಂಬುದು ಮೆಚ್ಚತಕ್ಕದ್ದು.

ಹೆಸರನ್ನು ಕಾಯುವ ಕೆಲಸ

ತಿನಿಸಿನ ಹೆಸರು ಕೈಜಾರಿದರೂ ಅದರೊಳಗಿನ ಪದಾರ್ಥಗಳ ಹೆಸರನ್ನು ಯುರೋಪಿನ ಹಾಲು ಉತ್ಪಾದಕರು ಬಿಟ್ಟುಕೊಟ್ಟಿಲ್ಲ. ಅಲ್ಲಿಯ ಕಾನೂನಿನಂತೆ ಹಾಲು, ಕೆನೆ, ಬೆಣ್ಣೆ, ಚೀಸ್, ಮೊಸರು ಎಂಬ ಹೆಸರುಗಳು ಪ್ರಾಣಿಯ ಹಾಲಿನಿಂದ ಆದದ್ದಕ್ಕೆ ಮಾತ್ರ ಮೀಸಲು. ಜರ್ಮನಿಯ ಒಂದು ಕಂಪನಿ ಸೋಯಾ ಮುಂತಾದವುಗಳಿಂದ ಮಾಡಿದ ಪದಾರ್ಥವನ್ನು ಚೀಸ್, ಬೆಣ್ಣೆ ಎಂಬ ಹೆಸರು ಸೇರಿಸಿ ಮಾರುತ್ತಿತ್ತು. ‘ಸಸ್ಯಮೂಲದ್ದು’ ಎಂದು ಬರೆದಿದ್ದೇವಲ್ಲ ಎಂಬುದು ಅವರ ವಾದ. 2017ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ, ಬಿಡಿಸಿ ಬರೆದರೂ ಆ ಹೆಸರು ಬಳಸುವಂತಿಲ್ಲ ಎಂದಿತು. ತೆಂಗಿನಕಾಯಿ ಹಾಲಿನಂತೆ ಹಿಂದಿನಿಂದ ರೂಢಿಯಲ್ಲಿರುವ ಕೆಲವೇ ಹೆಸರುಗಳಿಗೆ ವಿನಾಯಿತಿ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಧೋರಣೆಯೂ ಇದೇ. ಊರಿನ ಹೆಸರಿಗೂ ನಮ್ಮಲ್ಲಿ ರಕ್ಷಣೆ ಉಂಟು, ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಕೆ ಸಿಕ್ಕಿರುವುದು ತಮಗೆ ತಿಳಿದಿದೆ.

ಅಂಗಡಿಯಲ್ಲಿ ‘ಕ್ರೀಮ್’ ಎಂದುಕೊಂಡು ತೆಗೆದುಕೊಳ್ಳುವ ಪೊಟ್ಟಣವನ್ನು ತಿರುಗಿಸಿ ನೋಡಿ. ಕೇಕಿನ ಮೇಲೆ ಹಚ್ಚುವ ಬಿಳಿಯ ನೊರೆಯಲ್ಲಿ ಬಹುಪಾಲು ತಾಳೆ ಎಣ್ಣೆ ಮುಂತಾದ ಸಸ್ಯಜಿಡ್ಡಿನದು. ಪದಾರ್ಥಗಳ ಪಟ್ಟಿಯಲ್ಲಿ ‘ಖಾದ್ಯ ಸಸ್ಯಜನ್ಯ ಕೊಬ್ಬು’ ಎಂದಿದ್ದರೆ ಅದು ನಮ್ಮ ಹಸುವಿನದಲ್ಲ.

ಒಂದು ಕೀಶ್‌ಗೆ ಎಷ್ಟು ಹಾಲು

ಈಗ ಲೆಕ್ಕ ಹಾಕೋಣ. ಮೇಲಿನ ಅಳತೆಯಲ್ಲಿ 250 ಗ್ರಾಂ ಕೆನೆ, ಶೇ. 30ರಂತೆ 75 ಗ್ರಾಂ ಜಿಡ್ಡು. 100 ಗ್ರಾಂ ಬೆಣ್ಣೆಯಲ್ಲಿ ಯುರೋಪಿನ ನಿಯಮದಂತೆ 82 ಗ್ರಾಂ. ಒಟ್ಟು 157 ಗ್ರಾಂ ಹಾಲಿನ ಜಿಡ್ಡು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಶೇ. 3.5 ಜಿಡ್ಡಿನ ಹಸುವಿನ ಹಾಲಾದರೆ ಲೀಟರಿಗೆ 36 ಗ್ರಾಂ, ಅಂದರೆ ಸುಮಾರು 4.4 ಲೀಟರ್ ಬೇಕು. ಶೇ. 4 ಇದ್ದರೆ 3.8 ಲೀಟರ್. ಶೇ. 7ರ ಎಮ್ಮೆಹಾಲಾದರೆ ಲೀಟರಿಗೆ 72 ಗ್ರಾಂ, 2.2 ಲೀಟರಿನಲ್ಲೇ ಕೆಲಸ ಆಗುತ್ತದೆ. ಬೇರ್ಪಡಿಸುವಾಗ, ಕಡೆಯುವಾಗ ಆಗುವ ಸಣ್ಣ ನಷ್ಟವನ್ನು ಇಲ್ಲಿ ಹಿಡಿದಿಲ್ಲ. ಆರು ಜನರಲ್ಲಿ ಹಂಚಿದರೆ ತಲೆಗೆ ಮುಕ್ಕಾಲು ಲೀಟರ್ ಹಸುವಿನ ಹಾಲಿನ ಜಿಡ್ಡು ಒಂದು ಊಟಕ್ಕೆ ಹೋಯಿತು.

ಶೇ. 3.5ರ ಹಾಲಿನ ಲೆಕ್ಕದಲ್ಲಿ ಇನ್ನೂ ಸುಮಾರು 4 ಕಿಲೋ ತೆಳುಹಾಲು ಉಳಿಯುತ್ತದೆ. ಅದರಲ್ಲಿ ಶೇ. 9ರಷ್ಟು ಘನಾಂಶ ಹಿಡಿದರೆ 350 ಗ್ರಾಂಗೂ ಹೆಚ್ಚು ಪುಡಿ. ಕೀಶ್ ತಿಂದವನು ಇದಕ್ಕೆ ಬೆಲೆ ಕೊಡುವುದಿಲ್ಲ, ಪುಡಿ ಕೊಂಡವನು ಕೊಡಬೇಕು. ಜಿಡ್ಡಿಗೊಂದು, ಜಿಡ್ಡೇತರ ಘನಾಂಶಕ್ಕೊಂದು ಎಂದು ಸಂಘದಲ್ಲಿ ಎರಡು ದರ ಇಟ್ಟಿರುವುದು ಈ ಎರಡು ಗಿರಾಕಿಗಳಿಗಾಗಿ. ನೀರು ಬೆರೆಸಿದ ಹಾಲಿನಲ್ಲಿ ಎರಡೂ ಒಟ್ಟಿಗೆ ಇಳಿಯುತ್ತವೆ, ಕೆನೆ ತೆಗೆದ ಹಾಲಿನಲ್ಲಿ ಜಿಡ್ಡು ಮಾತ್ರ ಇಳಿಯುತ್ತದೆ. ಪರೀಕ್ಷೆಯ ಚೀಟಿ ನೋಡಿದ ಕೂಡಲೇ ಕಾರ್ಯದರ್ಶಿಗೆ ಯಾವುದೆಂದು ತಿಳಿಯುವುದು ಹೀಗೆ.

ತಮ್ಮ ಮನೆಯ ಹಾಲಿನ ಚೀಟಿಯಲ್ಲಿರುವ ಜಿಡ್ಡಿನ ಅಂಕಿಯನ್ನು 10.3ರಿಂದ ಗುಣಿಸಿ. ಬರುವುದು ಒಂದು ಲೀಟರಿನಲ್ಲಿರುವ ಜಿಡ್ಡಿನ ಗ್ರಾಂ. 157ನ್ನು ಅದರಿಂದ ಭಾಗಿಸಿದರೆ ಒಂದು ಕೀಶ್‌ಗೆ ತಮ್ಮ ಕೊಟ್ಟಿಗೆಯ ಹಾಲು ಎಷ್ಟು ಲೀಟರ್ ಬೇಕೆಂದು ಗೊತ್ತಾಗುತ್ತದೆ.